ಕೈಲೆ ನಡೆಸಿದ ಚಂದ್ರಲೋಕ

ಈರೇಶನ ಬಲಗೈ ಮುಂಜಾನೆಯಿಂದ ಅವನ ಮಾತು ಕೇಳುತ್ತಿರಲಿಲ್ಲ. ಚಹಾದ ಗ್ಲಾಸು ಎತ್ತಿದರೆ ತುಟಿಯ ಹತ್ತಿರ ಬಂದು ಅರ್ಧಕ್ಕೇ ನಿಲ್ಲುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ಹೋದರೆ ಹೆಬ್ಬೆರಳು ಗುಂಡಿಯನ್ನು ಬಿಟ್ಟು, ಅಲ್ಲಿಲ್ಲದ ಹಿಡಿಕೆಯೊಂದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಒತ್ತುತ್ತಿತ್ತು. ಮಿಲ್ಲಿನ ಭೋಂಗಾ ಕೂಗಿ ಆಗಿತ್ತು. ದಾಂಡೇಲಿ ಬಸ್‌ಸ್ಟ್ಯಾಂಡಿನ ಹಿಂದಿನ ಆ ಖೋಲಿಯಲ್ಲಿ ಅವನೊಬ್ಬನೇ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, “ಸುಮ್ನ ಇರಲೇ” ಎಂದು ಜೋರಾಗಿಯೇ ಬೈದ. ಕೈ ಸುಮ್ಮನಾಗಲಿಲ್ಲ. ನಿನ್ನೆ ಸಂಜೆ ಐದರ ಆಟದಲ್ಲಿ ಮಾಡಿದ್ದನ್ನೇ ಅದು ಇನ್ನೂ ಮಾಡುತ್ತಿತ್ತು. ಆ ಕೈಯನ್ನು ಯಾರೋ ಬಸ್ಸಿನಲ್ಲಿ ಮರೆತು ಹೋದ ಚೀಲದಂತೆ ತೊಡೆಯ ಮೇಲೆ ಇಟ್ಟುಕೊಂಡು ಅವನು ಹಳಿಯಾಳದ ಬಸ್ಸು ಹತ್ತಿದ. ರಜಾ ಹಾಕಬಹುದಿತ್ತು. ಆದರೆ ಇವತ್ತು ರಜಾ ಹಾಕಿದರೆ, ನಿನ್ನೆ ಆದದ್ದು ತನ್ನಿಂದಲೇ ಆದದ್ದು ಎಂದು ತಾನೇ ಬೋರ್ಡು ಬರೆದು ಕೊರಳಿಗೆ ಹಾಕಿಕೊಂಡಂತೆ. ಹೋದರೆ ಕಸ ಗುಡಿಸುವ ಚಾಂದಿಬಾಯಿಯ ಮುಖ ನೋಡಬೇಕು. ಮುಖ ಅಂದರೆ ಕೆನ್ನೆ. ಎಡಗೆನ್ನೆ.

ನದಿಯ ಕಡೆ ಹೊರಳುವ ತಿರುವಿನಲ್ಲಿ ಇಳಿದರೆ ಪಾರ್ಕು. ಬಾಗಿಲ ಮೇಲೆ ಬಣ್ಣದ ಅಕ್ಷರದಲ್ಲಿ ‘ಚಂದ್ರಲೋಕ’ ಎಂದು ಏನೇ ಬರೆದಿರಲಿ, ಒಳಗೆ ದುಡಿಯುವವರಿಗೆಲ್ಲ ಅದು ಡಬ್ಬಿ. ಆರು ಕಬ್ಬಿಣದ ಕಾಲುಗಳ ಮೇಲೆ ನಿಂತ ಬಿಳಿ ಡಬ್ಬಿ, ಕಾಲುಗಳೊಳಗೆ ಎಣ್ಣೆ, ಡಬ್ಬಿಯೊಳಗೆ ನಾಲ್ಕು ಸಾಲಿನಲ್ಲಿ ಹದಿನಾರು ಕುರ್ಚಿ, ಎದುರಿಗೊಂದು ಪರದೆ. ಪರದೆಯ ಮೇಲೆ ರಾಕೆಟ್ಟು ಏಳುತ್ತದೆ, ಕಾಲುಗಳು ಡಬ್ಬಿಯನ್ನು ಹಿಂದಕ್ಕೆ ವಾಲಿಸುತ್ತವೆ, ಕೂತವರ ಬೆನ್ನು ಕುರ್ಚಿಗೆ ಅಂಟುತ್ತದೆ. ಏಳು ನಿಮಿಷ. ಹೋದವರೆಲ್ಲ ಚಂದ್ರನ ಮೇಲೆ ಇಳಿದು ಬಂದೆವೆಂದು ಹೊರಗೆ ಬಂದು ಫೋಟೋ ಹೊಡೆಸಿಕೊಳ್ಳುತ್ತಾರೆ. ಡಬ್ಬಿ ಇದ್ದಲ್ಲೇ ಇರುತ್ತದೆ. ಕಾಲುಗಳನ್ನು ಕುಣಿಸುವುದು ಕಂಪ್ಯೂಟರಿನ ಕೆಲಸ. ಈರೇಶನ ಕೆಲಸ ಬಾಗಿಲು ಹಾಕುವುದು, ಪಟ್ಟಿ ನೋಡುವುದು, ಪಕ್ಕದ ಗಾಜಿನ ಗೂಡಿನಲ್ಲಿ ಕೂತು ಹಸಿರು ಗುಂಡಿ ಒತ್ತುವುದು. ಆದರೆ ನಾಲ್ಕು ತಿಂಗಳ ಹಿಂದೆ ಒಂದು ಸಿಡಿಲಿನ ದಿನ ಕಂಪ್ಯೂಟರಿನ ಲೆಕ್ಕ ತಪ್ಪಿತು. ರಾಕೆಟ್ಟು ಎದ್ದು ಮೋಡ ದಾಟಿದ ಮೇಲೆ ಕಾಲುಗಳಿಗೆ ಎಚ್ಚರ. ಪರದೆಯಲ್ಲಿ ಎಲ್ಲ ನಿಂತ ಮೇಲೆ ಡಬ್ಬಿಗೆ ಕುಣಿತ. ಮಂದಿ ಬಾಗಿಲಲ್ಲೇ ವಾಂತಿ ಮಾಡಿದರು. ಮ್ಯಾನೇಜರ ಸಚಿನ ಪುಣೆಗೆ ಫೋನು ಮಾಡಿದ, ಮುಂದಿನ ವಾರ ಮೆಕ್ಯಾನಿಕ್ ಬರುತ್ತಾನೆ ಅಂದ, ಆ ಮುಂದಿನ ವಾರ ಮುಂದೆ ಮುಂದೆಯೇ ಹೋಯಿತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಈರೇಶ, ಮೊದಲು ಡಬ್ಬಿ ಜೋಡಿಸಲು ಬಂದಿದ್ದ ಮೆಕ್ಯಾನಿಕ್ ಅವತ್ತು ಗೂಡಿನ ಕೀಲಿಯನ್ನು ಯಾವ ಕಡೆ ತಿರುಗಿಸಿದ್ದ ಎಂದು ನೆನಪಿಸಿಕೊಂಡು ಹಾಗೇ ತಿರುಗಿಸಿದ. ಹೆಬ್ಬೆರಳಿನಷ್ಟು ಉದ್ದದ ಹಿಡಿಕೆಯೊಂದು ಜೀವ ಬಂದಂತೆ ಅದುರಿತು. ಒತ್ತಿದತ್ತ ಡಬ್ಬಿ ವಾಲಿತು.

ಹಾಗೆ ಶುರುವಾಯಿತು. ಏಳು ನಿಮಿಷದ ಸಿನಿಮಾ ಅವನಿಗೆ ಬಾಯಿಪಾಠ. ಕಣ್ಣು ಪರದೆಯ ಮೇಲೆ, ಕೈ ಹಿಡಿಕೆಯ ಮೇಲೆ. ರಾಕೆಟ್ಟು ಏಳುವುದು ಹೇಗಿರುತ್ತದೋ ಅವನೇನು ಕಂಡವನೇ? ಆದರೆ ಗೋವಿನಜೋಳ ಹೇರಿದ ಟ್ರಾಲಿ ಚಿಗಳ್ಳಿಯ ಹೊಲದ ಬದು ಹತ್ತುವಾಗ ಮೈ ಹೇಗೆ ಹಿಂದಕ್ಕೆ ಜಗ್ಗುತ್ತದೆಂದು ಅವನ ಬೆನ್ನಿಗೆ ಗೊತ್ತಿತ್ತು, ಅದನ್ನೇ ಕೊಟ್ಟ. ಬಾನಿನಲ್ಲಿ ಬಂಡೆಗಳ ಮಳೆ ಬರುತ್ತದಲ್ಲ, ಅಲ್ಲಿಗೆ ರಾಮನಗರದ ರಸ್ತೆ ಹಾಕಿದ. ಶಾಲೆ ಬಿಟ್ಟ ಮೇಲೆ ಎರಡು ವರ್ಷ ಗೋವಾ ಕಡೆಯ ಲಾರಿಗೆ ಕ್ಲೀನರ್ ಆಗಿದ್ದಾಗ ಹಿಂದೆ ಹೊರೆಯ ಮೇಲೆ ಮಲಗಿ, ಒಂದೊಂದು ಹೊಂಡವನ್ನೂ ಎಲುಬಿನಿಂದ ಎಣಿಸಿದ ರಸ್ತೆ ಅದು. ಚಂದ್ರನ ಮೇಲೆ ಇಳಿಯುವುದೆಂದರೆ ಕ್ಯಾಸಲ್‌ರಾಕಿನಲ್ಲಿ ಗೂಡ್ಸ್ ಗಾಡಿ ಬ್ರೇಕು ಹಿಡಿದು, ಬಿಟ್ಟು, ಹಿಡಿದು, ನಿಟ್ಟುಸಿರಿಟ್ಟು ನಿಲ್ಲುವುದು. ಹಳಿಯಾಳದ ಒಬ್ಬ ಹಿರಿಯ ಡಬ್ಬಿಯಿಂದ ಇಳಿದು ಧೋತರ ಸರಿ ಮಾಡಿಕೊಳ್ಳುತ್ತ, “ಏನ್ರಪಾ ಇದು, ಚಂದ್ರಲೋಕ ಅಂತ ಬೋರ್ಡ್ ಹಾಕೀರಿ, ರಾಮನಗರಕ್ಕ ಕರ್ಕೊಂಡ್ ಹೋಗಿ ಬಂದ್ರಲ್ಲ!” ಅಂದಾಗ ಈರೇಶನಿಗೆ ಯಾರೋ ತಲೆಗೆ ಪಟಕಾ ಸುತ್ತಿದಷ್ಟು ಹೆಮ್ಮೆ. ಸಚಿನ ಬಂದು “ರಿಪೇರಿ ಆತೇನು?” ಅಂದ. “ಆತ್ರಿ.” ಹೆಂಗ ಎಂದು ಅವನು ಕೇಳಲಿಲ್ಲ. ಕೇಳಬಾರದ ಮಾತನ್ನು ಕೇಳದೇ ಇರುವುದರಲ್ಲಿ ಸಚಿನ ಬಹಳ ಹುಷಾರು. ಈರೇಶನೂ ಹೇಳಲಿಲ್ಲ. ಹೇಳಿದ್ದರೆ ಅವತ್ತೇ ಆ ಹಿಡಿಕೆ ಕೈಬಿಟ್ಟು ಹೋಗುತ್ತಿತ್ತು. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವನ ಕೈಯಲ್ಲಿ ಹುಟ್ಟಿದಾಗಿನಿಂದ ಅದೊಂದೇ ಒಂದು ವಸ್ತು ಅವನು ಹೇಳಿದಂತೆ ಕೇಳಿತ್ತು.

ಇಷ್ಟು ದಿನ.

ನಿನ್ನೆ ರವಿವಾರ. ರೆಸಾರ್ಟಿನ ಗುಂಪು ಒಂದು ಸಾಲು ಕಟ್ಟಿ ನಿಂತಿತ್ತು. ಕಪ್ಪು ಕನ್ನಡಕವನ್ನು ತಲೆಯ ಮೇಲೇರಿಸಿದ ಒಬ್ಬ ದೊಡ್ಡ ಮೈಯವನು ಈರೇಶನತ್ತ ಚಿಟಿಕೆ ಹೊಡೆದ. ನಾಯಿಯನ್ನೋ ವೇಟರನ್ನೋ ಕರೆದಂತೆ ಚಿಟಿಕೆ ಹೊಡೆದು, ಇದನ್ನು ನಡೆಸುವವರಲ್ಲಿ ಓದು ಬರಹ ಬಲ್ಲವರು ಯಾರಾದರೂ ಇದ್ದಾರೋ ಇಲ್ಲವೋ ಎಂದು ಹಿಂದಿಯಲ್ಲಿ ಕೇಳಿದ. ಜೊತೆಗಿದ್ದವರು ನಕ್ಕರು. ಈರೇಶನೂ ನಕ್ಕ, ಅದೇ ಸುಡುತ್ತಿದ್ದದ್ದು, ತಾನೂ ಹಲ್ಲು ಕಿರಿದು ನಕ್ಕದ್ದು. ನಕ್ಕು, ಬಾಗಿಲ ಬಳಿ ನಿಂತು ಒಬ್ಬೊಬ್ಬರ ಮೈಮೇಲಿನ ಸರ, ಬಳೆ, ಕೀಲಿ ಎಲ್ಲ ತಟ್ಟೆಗೆ ಹಾಕಿಸುವ ಕೆಲಸ ಬಿಟ್ಟು ನೆಟ್ಟಗೆ ಗಾಜಿನ ಗೂಡಿಗೆ ಹೋಗಿ ಕೂತ. ನಡುವೆ ಟಿಕೆಟ್ ಕೌಂಟರಿನ ರಾಜಶ್ರೀ, ಒಂದು ಕುರ್ಚಿ ಖಾಲಿ ಇದ್ದದ್ದು ನೋಡಿ, ಕಸಬರಿಗೆ ಹಿಡಿದು ನಿಂತಿದ್ದ ಚಾಂದಿಬಾಯಿಗೆ, “ಹೋಗ್ ಬಾಯಕ್ಕ, ವರ್ಷದ ಮ್ಯಾಲ ಆತು ಇದರ ಹೊಲಸ ಬಳಿಯಾಕತ್ತು, ಇವತ್ತೊಮ್ಮೆ ನೀನೂ ಚಂದ್ರನ್ನ ನೋಡ್ಕೊಂಡ್ ಬಾ” ಎಂದು ಕಡೆಯ ಸಾಲಿಗೆ ದಬ್ಬಿದ್ದು ಈರೇಶನಿಗೆ ಗೊತ್ತಾಗಲಿಲ್ಲ. ಡಬ್ಬಿಯೊಳಗಿನ ಕ್ಯಾಮೆರಾಕ್ಕೆ ಕಡೆಯ ಸಾಲು ಕಾಣುವುದಿಲ್ಲ. ಅವನಿಗೆ ಕಂಡದ್ದು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಆ ದೊಡ್ಡ ಮೈ ಮಾತ್ರ. ಬಂಡೆಗಳ ಮಳೆ ಶುರುವಾಯಿತು. ಈರೇಶ ಆ ದಿನ ರಾಮನಗರದ ರಸ್ತೆ ಹಾಕಲಿಲ್ಲ. ಅವನು ಹೊಡೆದ. ಹಿಡಿಕೆಯಿಂದ ಹೊಡೆದ. ಎಡಕ್ಕೆ ಕೆಡವಿ, ಅದು ತಳ ಮುಟ್ಟುವ ಮೊದಲೇ ಬಲಕ್ಕೆ ಎಳೆದು, ಮತ್ತೆ ಎಡಕ್ಕೆ. ಒಳಗಿನವರು ಮಾತಾಡಲೆಂದು ಇಟ್ಟ ಸ್ಪೀಕರಿನಲ್ಲಿ ಕೂಗು, ಕೇಕೆ, ನಗು ಎಲ್ಲ ಕಲಸಿ ಬರುತ್ತಿದ್ದವು. ಅದರ ನಡುವೆ ಒಂದು ಹೆಣ್ಣು ದನಿ: “ತಮ್ಮಾ, ಸಾವಕಾಶ...”

ಈ ಒಂದು ಮಾತಿನ ಹತ್ತಿರ ಬಂದಾಗಲೆಲ್ಲ ಅವನ ಮನಸ್ಸು ಸುತ್ತು ಬಳಸಿ ಬೇರೆ ಕಡೆ ಓಡುತ್ತಿತ್ತು. ಕೇಳಿರಲಿಲ್ಲ ಅನ್ನಬಹುದು, ಗದ್ದಲವಿತ್ತು. ಆದರೆ ಕೇಳಿತ್ತು. ಆ ಗುಂಪಿನಲ್ಲಿ ಯಾರೂ ಅವನನ್ನು ತಮ್ಮಾ ಅನ್ನುವವರಲ್ಲ ಎನ್ನುವುದೂ ಆಗಲೇ ಹೊಳೆದಿತ್ತು. ಹೊಳೆದ ಮೇಲೂ ಕೈ ಎರಡು ಸಲ, ಸರಿಯಾಗಿ ಎರಡು ಸಲ, ಎಡಕ್ಕೆ ಬಲಕ್ಕೆ ಬಡಿದಿತ್ತು. ಆಮೇಲೆ ಚಂದ್ರ ಬಂದ, ಡಬ್ಬಿ ನಿಂತಿತು, ಬಾಗಿಲು ತೆರೆಯಿತು. ದೊಡ್ಡ ಮೈಯವನು ಕಣ್ಣಲ್ಲಿ ನೀರು ಬರುವಂತೆ ನಗುತ್ತ ಹೊರಬಂದು, ಈರೇಶನ ಬೆನ್ನು ತಟ್ಟಿ, ಭಾರೀ ಮಜಾ ಬಂತು ಅಂದ. ಯಾರಿಗೆ ತಾಗಲೆಂದು ಹೊಡೆದಿದ್ದನೋ ಅವನಿಗೆ ಅದು ಮಜಾ. ಎಲ್ಲರ ಹಿಂದೆ, ಸೆರಗನ್ನು ಕೆನ್ನೆಗೆ ಒತ್ತಿ ಹಿಡಿದು, ಗೋಡೆ ಹಿಡಿದುಕೊಂಡು ಬಂದವಳು ಚಾಂದಿಬಾಯಿ. ಲಂಬಾಣಿ ತಾಂಡಾದ ಹಿರಿಯ ಹೆಂಗಸರಂತೆ ಅವಳೂ ಎರಡೂ ಕೆನ್ನೆಯ ಮೇಲೆ ಕೂದಲಿಗೆ ಹೆಣೆದು ಬೆಳ್ಳಿಯ ಟೋಪ್ಲಿ ಇಳಿಬಿಡುತ್ತಿದ್ದಳು. ಪಾರ್ಕಿನವರು ನೀಲಿ ಕೋಟು ತೊಡಿಸಿದ್ದರೂ ಅದನ್ನು ಮಾತ್ರ ಬಿಟ್ಟವಳಲ್ಲ. ಎಡಗಡೆಯ ಟೋಪ್ಲಿ ಕುರ್ಚಿಗೆ ಬಡಿದು ಚಪ್ಪಟೆಯಾಗಿ ಕೆನ್ನೆಯನ್ನು ಸೀಳಿತ್ತು. “ಏನಿಲ್ಲ ತಮ್ಮಾ,” ಅಂದಿದ್ದಳು ಅವನ ಮುಖ ನೋಡಿ, ಅವನನ್ನೇ ಸಮಾಧಾನ ಮಾಡುವ ಹಾಗೆ. “ನಂದ ತಪ್ಪು. ಕುರ್ಚಿ ಹಿಡಿಕಿ ನಾನ ಕೈ ಬಿಟ್ಟಿರಬೇಕು.” ಅವನು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ನೀರು ತರಲು ಓಡಿದ.

ಸೋಮವಾರದ ಪಾರ್ಕು ಬಿಕೋ ಅನ್ನುತ್ತಿತ್ತು. ನದಿಯ ಆಚೆ ಮಂಗಟ್ಟೆ ಹಕ್ಕಿ ಒಂದೇ ಸವನೆ ಬೈಯುತ್ತಿತ್ತು, ಯಾರನ್ನೋ ಏನೋ. ಕೌಂಟರಿನ ಕಿಂಡಿಯಿಂದ ರಾಜಶ್ರೀ ಕೈ ಮಾಡಿ ಕರೆದಳು. ರಾತ್ರಿ ನಿದ್ದೆ ಮಾಡಿದವಳ ಕಣ್ಣಲ್ಲ. “ಕೇಳಿದ್ಯಾ? ಬಾಯಕ್ಕನ ಗಂಡನೂ ಬಂದಾನ. ಸಚಿನ ಸರ್ ಕಾಗದ ಬರೆಸ್ಯಾರ. ಅನುಮತಿ ಇಲ್ಲದ ಹತ್ತಿದ್ಲು, ಆಭರಣ ತೆಗಿಲಿಲ್ಲ, ಕುರ್ಚಿ ಹಿಡಿಕಿ ಬಿಟ್ಲು, ಎಲ್ಲಾ ಆಕೀದ ತಪ್ಪು. ಇವತ್ತಿಂದ ಕೆಲಸಾನೂ ಇಲ್ಲ. ಸಹಿ ಹಾಕು ಅನ್ನಾಕತ್ತಾರ.” ದನಿ ತಗ್ಗಿಸಿದಳು. “ಹತ್ತಿಸಿದಾಕಿ ನಾನ ಅಂತ ಆಕಿ ಹೇಳಿಲ್ಲೋ ಈರೇಶ. ತಾನ ಹತ್ತಿದೆ ಅಂದ್ಲಂತ. ನನ್ನ ಹೆಸರ ಎತ್ತಲಿಲ್ಲ.” ಟಿಕೆಟ್ ಪುಸ್ತಕವನ್ನು ಪಕ್ಕಕ್ಕೆ ಸರಿಸಿದಳು. “ನಿನ್ನೂ ಕರದಾರ,” ಅಂದಳು. “ಯಂತ್ರ ಸರಿ ಇತ್ತು ಅಂತ ನೀ ಬರದು ಕೊಡಬೇಕಂತ.”

ಕೌಂಟರಿನಿಂದ ಆಫೀಸಿಗೆ ಅರವತ್ತು ಹೆಜ್ಜೆಯಿರಬಹುದು. ಈರೇಶ ಅದನ್ನು ಒಂಬತ್ತನೇ ಇಯತ್ತೆಯಿಂದ ನಡೆದು ಬಂದ. ಕರಿಬಸಪ್ಪ ಸರ್ ವಿಜ್ಞಾನ ಪಾಠದ ನಡುವೆ ಕೇಳಿದ್ದರು, ಅಂತರಿಕ್ಷದಲ್ಲಿ ಮನುಷ್ಯರು ಯಾಕೆ ತೇಲ್ತಾರೆ ಎಂದು. ಹಿಂದಿನ ಬೆಂಚಿನಿಂದ ಈರೇಶ, ಯಾವತ್ತೂ ಕೈ ಎತ್ತದವನು, ಅವತ್ತು ಎತ್ತಿದ. ಹಿಂದಿನ ದಿನವಷ್ಟೇ ಟ್ರಾಲಿಯ ಮೇಲೆ ನಿಂತು ಬಂದಿದ್ದ. ದಿಬ್ಬ ಇಳಿಯುವಾಗ ಹೊಟ್ಟೆಯೊಳಗೆ ಏನೋ ಹಗುರವಾಗಿ, ಕಾಲು ಹಲಗೆಯನ್ನು ಬಿಟ್ಟಂತಾಗಿ, ಅದು ಮುಗಿಯಬಾರದು ಅನ್ನಿಸಿತ್ತು. “ಅವರು ಬೀಳಾಕತ್ತಿರ್ತಾರ್ರಿ ಸರ. ಬೀಳೂ ಮುಂದ ಹೊಟ್ಟಿ ಹಗರ ಆಗತೈತಿ.” ಇಡೀ ಕ್ಲಾಸು ನಕ್ಕಿತು. ಸರ್ ನಗಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, “ಮ್ಯಾಲ ಹ್ವಾದಾವರು ಬೀಳ್ತಾರಂತ ನೋಡ್ರಿ, ಇಂವಾ ನಮ್ಮ ವಿಜ್ಞಾನಿ” ಎಂದು, ತಾಸು ಮುಗಿಯುವ ತನಕ ಇಳಿಯಗೊಡಲಿಲ್ಲ. ಶಾಲೆ ಬಿಟ್ಟದ್ದು ಅದಕ್ಕೇ ಅಲ್ಲ, ಬೇರೆ ನೂರು ಕಾರಣ ಇದ್ದವು. ಆದರೆ ಆ ಬೆಂಚಿನಿಂದ ಇಳಿದದ್ದು ಅವನಿಗೆ ನೆನಪಿಲ್ಲ. ಡಬ್ಬಿಯ ಕೆಲಸಕ್ಕೆ ಸೇರಿದ ಮೊದಲ ದಿನ, ಸಿನಿಮಾದ ಮೂರನೇ ನಿಮಿಷದಲ್ಲಿ, ಒಳ್ಳೇ ಗಟ್ಟಿ ದನಿಯೊಂದು ಶುದ್ಧ ಕನ್ನಡದಲ್ಲಿ ಹೇಳಿತು: ನಾವೀಗ ಭೂಮಿಯ ಸುತ್ತ ಬೀಳುತ್ತಲೇ ಇದ್ದೇವೆ, ಆದ್ದರಿಂದಲೇ ತೇಲುತ್ತಿದ್ದೇವೆ. ಗಾಜಿನ ಗೂಡಿನಲ್ಲಿ ಅವನ ಕಿವಿ ಕಾದು ಕೆಂಪಾಯಿತು. ಅಂದಿನಿಂದ ದಿನಕ್ಕೆ ಹದಿನೈದು ಸಲ ಆ ದನಿ ಅವನಿಗೆ ಹೇಳುತ್ತಿತ್ತು, ನೀನು ಹೇಳಿದ್ದೇ ಸರಿ ಎಂದು. ಕೇಳಬೇಕಾದವರು ಒಬ್ಬರೂ ಅಲ್ಲಿರುತ್ತಿರಲಿಲ್ಲ. ಸರಿಯಾಗಿದ್ದೂ ಬೆಂಚಿನ ಮೇಲೆ ನಿಂತವನ ಸಿಟ್ಟು ಎಲ್ಲಿಗೆ ಹೋಗಬೇಕು? ಕೈಗೆ ಇಳಿದಿತ್ತು. ಕೈಯಿಂದ ಹಿಡಿಕೆಗೆ. ಹಿಡಿಕೆಯಿಂದ ಕಸ ಗುಡಿಸುವ ಹೆಂಗಸಿನ ಕೆನ್ನೆಗೆ.

ಆಫೀಸಿನಲ್ಲಿ ಸಚಿನ ಮೇಜಿನ ಹಿಂದಿದ್ದ. ಎದುರಿಗೆ ಎರಡು ಕುರ್ಚಿ ಇದ್ದರೂ ಗಂಡ ಹೆಂಡತಿ ನಿಂತೇ ಇದ್ದರು. ಚಾಂದಿಬಾಯಿಯ ಎಡಗೆನ್ನೆಗೆ ಹತ್ತಿ, ಪಟ್ಟಿ. ಬಲಗಡೆ ಟೋಪ್ಲಿ ತೂಗುತ್ತಿತ್ತು, ಎಡಗಡೆ ಬರೀ ಕೂದಲು. ಒಂದು ಕಡೆ ಇದ್ದು ಒಂದು ಕಡೆ ಇಲ್ಲದ ಆ ಮುಖವನ್ನು ಈರೇಶನಿಗೆ ನೋಡಲಾಗಲಿಲ್ಲ. ಗಂಡ ಭೀಮಸಿಂಗ್ ಬಡಕಲು ಮನುಷ್ಯ, ಬಿಳಿ ಮೀಸೆ, ಕಬ್ಬು ಕಡಿಯುವವರ ಬಿರಿದ ಕೈ. ಅವನು ಮಾತಾಡುತ್ತಿದ್ದ. “ಸಾಹೇಬ್ರ, ತಾಂಡಾದಾಗ ಮಂದಿ ಏನಂದ್ರು ಗೊತ್ತೈತೇನ್ರಿ? ಗಂಡ ಸತ್ತ ಮ್ಯಾಲ ತೆಗಿಯೂದು ಈ ಟೋಪ್ಲಿ. ರಾತ್ರಿ ನನ್ನ ತಮ್ಮನ ಹೇಣ್ತಿ ಬಾಗಿಲಾಗ ನಿಂತು ನನ್ನ ಮೈ ಮುಟ್ಟಿ ನೋಡಿದ್ಲು, ಜೀವ ಐತೋ ಇಲ್ಲೋ ಅಂತ.”

“ಅದಕ್ಕ ನಾ ಏನ್ ಮಾಡ್ಲಿ ಕಾಕಾ,” ಅಂದ ಸಚಿನ. ಬೆಳಗಾವಿ ಕಡೆಯವನು, ಕೆಟ್ಟವನಲ್ಲ, ಹೆದರಿದವನು. “ಬೋರ್ಡಿನ ಮ್ಯಾಲ ಬರದೈತಿ, ಲೋಹದ ವಸ್ತು ತೆಗೀರಿ ಅಂತ. ಹಿಡಿಕಿ ಬಿಡಬ್ಯಾಡ್ರಿ ಅಂತ. ಚಾಂದಿಬಾಯೀನ ಹೇಳ್ಯಾಳ, ಕೈ ಬಿಟ್ಟೆ ಅಂತ.”

“ಹೂಂ, ಬಿಟ್ಟಿರಬೇಕ್ರಿ,” ಅಂದಳು ಚಾಂದಿಬಾಯಿ ನೆಲ ನೋಡುತ್ತ. “ನನಗ ಖರೇ ನೆನಪಿಲ್ಲ.”

“ಬಾ ಈರೇಶ.” ಸಚಿನ ಕಾಗದವನ್ನು ಹೊರಳಿಸಿ ಪೆನ್ನು ಚಾಚಿದ. “ಯಂತ್ರ ಸರಿ ಇತ್ತು, ಅಂತ ಒಂದ ಸಾಲು ಬರಿ. ಸಹಿ ಹಾಕು. ಮುಗೀತು.”

ಪೆನ್ನು ಹಿಡಿದು ಎಷ್ಟೋ ದಿನವಾಗಿತ್ತು. ಮೂರು ಜನ ಕೈಯನ್ನೇ ನೋಡುತ್ತಿದ್ದರು. ಅಕ್ಷರಗಳು ದಪ್ಪ ದಪ್ಪಗೆ, ಗೆರೆ ಬಿಟ್ಟು ಮೇಲಕ್ಕೆ ಹತ್ತುತ್ತ ಹೋದವು, ಬದು ಹತ್ತುವ ಟ್ರಾಲಿಯ ಹಾಗೆ. ಯಂತ್ರ. ‘ತ’ಕ್ಕೆ ‘ರ’ ಒತ್ತು ಯಾವ ಕಡೆ ತಿರುಗುತ್ತದೆಂದು ಅನುಮಾನ ಬಂದು ನಿಂತ. ಸರಿ. ಅಲ್ಲಿ ಮತ್ತೆ ನಿಂತ. ಈ ಎರಡು ಪದಗಳ ಮುಂದೆ ಇನ್ನೊಂದೇ ಒಂದು ಪದ ಇತ್ತು, ಅದನ್ನು ಬರೆದರೆ ನಾಳೆಯೂ ಹಿಡಿಕೆ ಇರುತ್ತದೆ, ಹಿರಿಯರು ಧೋತರ ಸರಿ ಮಾಡಿಕೊಳ್ಳುತ್ತ ರಾಮನಗರ ಅನ್ನುತ್ತಾರೆ. ಎದುರಿನ ಹೆಂಗಸು ನೀಲಿ ಕೋಟು ಬಿಚ್ಚಿಟ್ಟು ಹೋಗುತ್ತಾಳೆ, ಸಾಯುವ ತನಕ ತನ್ನ ಕೈಯನ್ನೇ ಬೈದುಕೊಳ್ಳುತ್ತಾಳೆ. ಮುಂಜಾನೆಯಿಂದ ಮೊದಲ ಸಲ ಕೈ ಅವನ ಮಾತು ಕೇಳಿತು. ಬರೆದು ಮುಗಿಸಿ ಕಾಗದ ತಿರುಗಿಸಿ ಕೊಟ್ಟ.

ಗಂಡ ಹೆಂಡತಿಗೆ ಕೇಳಿಸಲೆಂದು ಸಚಿನ ಜೋರಾಗಿಯೇ ಓದತೊಡಗಿದ. “ಯಂತ್ರ ಸರಿ...” ಅಲ್ಲಿಗೆ ಬಾಯಿ ನಿಂತಿತು.

“ಮುಂದ ಓದ್ರಿ,” ಅಂದ ಭೀಮಸಿಂಗ್.

ಸಚಿನ ಓದಲಿಲ್ಲ. ಈರೇಶನೇ ಹೇಳಿದ, ಬಾಯಿಪಾಠ ಒಪ್ಪಿಸುವವನಂತೆ: “ಯಂತ್ರ ಸರಿ ಇರಲಿಲ್ಲ. ನಾಕ ತಿಂಗಳಿಂದ ನಾ ಕೈಲೆ ನಡಸೀನಿ.”

“ಕೈಲೆ ಅಂದ್ರ?” ಚಾಂದಿಬಾಯಿ ತಲೆ ಎತ್ತಿದಳು.

“ಕಂಪ್ಯೂಟರ್ ಅಲ್ರಿ. ನಾನ. ಎಡಕ್ಕ ಬಲಕ್ಕ ಎಲ್ಲಾ ನಾನ ಮಾಡೂದ್ರಿ.”

“ನಿನ್ನೆ?”

“ನಿನ್ನೆನೂ ನಾನರಿ. ಮೊದಲನೇ ಸಾಲಿನ್ಯಾಗ ಕುಂತಿದ್ನಲ್ರಿ ದೊಡ್ಡಾವ, ಅಂವ ನನಗ ಏನೋ ಅಂದಿದ್ದ. ಅವಗ ಬಡೀಲಿ ಅಂತ...”

ಅವಳು ಲೆಕ್ಕ ಹಾಕಿದಳು. “ಅವಗ ಬಡೀತೇನು?”

“ಇಲ್ರಿ. ಅವಗ ಖುಷಿ ಆತ್ರಿ.”

ಭೀಮಸಿಂಗನಿಂದ ಒಂದು ನಗು ಕೆಮ್ಮಿನಂತೆ ಹಾರಿಬಂತು. ತಕ್ಷಣ ಮೀಸೆ ಸವರಿ ಅದನ್ನು ಒಳಗೆ ಹಾಕಿಕೊಂಡ. ಈ ನಗುವಿನ ಸಂದಿಯಲ್ಲಿ ಈರೇಶ ಪಾರಾಗಬಹುದಿತ್ತು. ಹೇಳಬೇಕಾದದ್ದು ಹೇಳಿಯಾಗಿತ್ತು, ಕಾಗದದಲ್ಲೂ ಬರೆದಾಗಿತ್ತು. ಆದರೆ ಕಾಗದದಲ್ಲಿ ಬರೆಯದ್ದೊಂದು ಇನ್ನೂ ಉಳಿದಿತ್ತು. “ಬಾಯಕ್ಕ,” ಅಂದ. “ನೀವು ತಮ್ಮಾ ಸಾವಕಾಶ ಅಂದದ್ದು ನನಗ ಕೇಳಿತ್ರಿ.”

ಚಾಂದಿಬಾಯಿ ಒಂದು ಹೆಜ್ಜೆ ಮುಂದೆ ಬಂದಳು.

“ಕೇಳಿತ್ತಾ?”

“ಕೇಳಿತ್ರಿ. ಕೈ ನಿಲ್ಲಲಿಲ್ಲ.” ಅಷ್ಟಕ್ಕೇ ನಿಲ್ಲಿಸಿ, ಆ ಮಾತು ಸುಳ್ಳೆನಿಸಿ, ಮತ್ತೆ ಹೇಳಿದ: “ಕೈ ಅಲ್ರಿ. ನಾ ನಿಲ್ಲಿಸಲಿಲ್ಲ.”

ಚಾಂದಿಬಾಯಿ ಅವನನ್ನು ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ, ಬೈದರೆ ಹಗುರ. ಅವಳು ಗಂಡನ ಕಡೆ ತಿರುಗಿದಳು. “ಕೇಳಿದ್ಯಾ? ಕೇಳಿದ್ಯಾ ಈಗ? ನಾ ಕೈ ಬಿಟ್ಟಿರಲಿಲ್ಲ! ರಾತ್ರಿ ಪೂರ್ತಿ ಕುಂದ್ರಾಕ ನಿಂದ್ರಾಕ ಬಿಡಲಿಲ್ಲ ನೀ ನನಗ, ಕೈ ಯಾಕ ಬಿಟ್ಟಿ, ಕೈ ಯಾಕ ಬಿಟ್ಟಿ ಅಂತ. ನಾನೂ ಹುಚ್ಚಿ, ನನ್ನ ಕೈಗೆ ನಾನ ಬೈಕೋತ ಕುಂತಿದ್ದೆ.” ಆಮೇಲೆ ಈರೇಶನಿಗೆ, ಮೆಲ್ಲಗೆ: “ನಿನಗ ಎರಡ ಕಪಾಳಕ್ಕ ಕೊಡಬೇಕು.”

“ಕೊಡ್ರಿ.”

“ಕೊಡ್ತೇನಿ. ತಡಿ. ಕೆನ್ನಿ ನೋವ ಕಡಿಮಿ ಆಗ್ಲಿ. ಕೈ ಎತ್ತಿದ್ರ ಇಲ್ಲಿ ಜಗ್ಗತೈತಿ.”

ಸಚಿನ ಇಷ್ಟು ಹೊತ್ತು ಕಾಗದವನ್ನು ಕೈಯಲ್ಲಿ ಹಿಡಿದು, ಅದು ತನ್ನ ಕಡೆಗೂ ತಿರುಗುತ್ತದೆಂದು ನಿಧಾನವಾಗಿ ತಿಳಿದುಕೊಳ್ಳುತ್ತಿದ್ದ. “ನಾಕ ತಿಂಗಳು! ನನಗ ಯಾಕ ಹೇಳಲಿಲ್ಲಪಾ?”

“ಹೆಂಗ ರಿಪೇರಿ ಆತು ಅಂತ ನೀವು ಕೇಳಲಿಲ್ರಿ.”

ಸಚಿನನ ಮುಖದಲ್ಲಿ ಸಿಟ್ಟು ಬಂದು, ನಿಲ್ಲಲು ಜಾಗ ಸಿಗದೆ ಹೋಯಿತು. ಅವನು ಕಾಗದವನ್ನು ಮಡಚಿದ, ಇನ್ನೊಮ್ಮೆ ಮಡಚಿದ, ಡ್ರಾವರಿಗೆ ಹಾಕಿ ದೂಡಿದ. “ಡಬ್ಬಿ ಬಂದ್. ಇವತ್ತಿಂದ. ಪುಣೇಂದ ಮೆಕ್ಯಾನಿಕ್ ಬರೂ ತನಕ ಯಾರೂ ಮುಟ್ಟಬ್ಯಾಡ್ರಿ. ನಾನ ಗಾಡಿ ತಗೊಂಡ್ ಹೋಗಿ ಕರ್ಕೊಂಡ್ ಬರ್ತೇನಿ ಬೇಕಾದ್ರ. ಬಾಯಿ, ನೀವು ನಾಕ ದಿನ ರಜಾ ಮಾಡ್ರಿ, ಆಮ್ಯಾಲ ಕೆಲಸಕ್ಕ ಬರ್ರಿ.” ಈರೇಶನಿಗೆ ನಾಳೆ ಬಾ ಅಂತಲೂ ಹೇಳಲಿಲ್ಲ, ಬರಬೇಡ ಅಂತಲೂ ಹೇಳಲಿಲ್ಲ.

ಎಲ್ಲ ಮುಗಿಯಿತು ಅನ್ನುವಾಗ ಚಾಂದಿಬಾಯಿ ಕಾಲು ಕೀಳಲಿಲ್ಲ. “ಬಂದ್ ಮಾಡೂ ಮೊದಲ ಒಮ್ಮೆ ಕೂಡಸ್ರಿ ನನ್ನ.”

“ಏನು?”

“ನಿನ್ನೆ ಕಣ್ಣ ಮುಚ್ಚಿದ್ದೆ. ಇಷ್ಟ ಬಡತ ತಿಂದು ಚಂದ್ರನ್ನ ನೋಡಲಿಲ್ಲ ಅಂದ್ರ ಹೆಂಗ್ರಿ? ತಾಂಡಾದಾಗ ಎಲ್ಲಾರೂ ಕೇಳ್ತಾರ, ಹೆಂಗಿದ್ದ ಅಂತ. ಏನ್ ಹೇಳ್ಲಿ, ಕತ್ತಲಿತ್ತು ಅಂತ ಹೇಳ್ಲೇನು?”

“ನಾನೂ ಕುಂದರ್ತೇನಿ,” ಅಂದ ಭೀಮಸಿಂಗ್. ಮಾತು ಸಚಿನನಿಗಲ್ಲ, ಈರೇಶನಿಗೆ. ಕಣ್ಣು ಕಿರಿದು ಮಾಡಿ. “ನನ್ನ ಮುಂದ ಅಲುಗಾಡಿಸ್ಲಿ ಇಂವಾ. ನೋಡೂಣು.”

ಸಚಿನ ಹಣೆ ಒತ್ತಿಕೊಂಡ. ಆಗೂದಿಲ್ಲ ಅಂದ, ಹೆಂಗ್ ಆಗತೈತಿ ಅಂದ, ಹತ್ತು ಸಲ ಆಗೂದಿಲ್ಲ ಅಂದು ಕೊನೆಗೆ, “ಒಮ್ಮೆ. ಹಗರಕ. ನಾ ಬಾಜೂಕ ಕೆಂಪ ಗುಂಡಿ ಮ್ಯಾಲ ಕೈ ಇಟ್ಕೊಂಡ್ ನಿಂತಿರ್ತೇನಿ,” ಅಂದ.

ಡಬ್ಬಿಯ ಬಾಗಿಲ ಬಳಿ ತಟ್ಟೆ ಇತ್ತು, ಬೋರ್ಡಿತ್ತು. ಭೀಮಸಿಂಗ್ ಅಂಗಿಯ ಕಿಸೆಯಿಂದ ಅರಿವೆಯ ಗಂಟು ತೆಗೆದು ಬಿಚ್ಚಿದ; ಎಡಗಡೆಯ ಟೋಪ್ಲಿ. ರಾತ್ರಿ ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿದ್ದ, ಪೂರ್ತಿ ನೆಟ್ಟಗಾಗಿರಲಿಲ್ಲ. ಅಲ್ಲೇ ನಿಂತು, ಬಿರಿದ ಬೆರಳಿನಿಂದ, ಗಾಯಕ್ಕೆ ತಾಗದಂತೆ ಅದನ್ನು ಅವಳ ಕೂದಲಿಗೆ ಕಟ್ಟತೊಡಗಿದ. ಗಂಡಸಿಗೆ ಬರುವ ಕೆಲಸವಲ್ಲ. ಎರಡು ಸಲ ಜಾರಿತು. “ಜಡಿ ಹಾಕಾಕತ್ತಾನ ನೋಡ ಮುದುಕ,” ಅಂದಳು ಅವಳು, ಕೌಂಟರು ಬಿಟ್ಟು ಬಂದು ನಿಂತಿದ್ದ ರಾಜಶ್ರೀಗೆ, ನಾಚಿ. ಆಮೇಲೆ ತಟ್ಟೆಯನ್ನು ನೋಡಿದಳು, ಈರೇಶನನ್ನು ನೋಡಿದಳು. “ಇದನ್ನ ತೆಗಿಯಂಗಿಲ್ಲ ತಮ್ಮಾ. ಇಂವಾ ಇರೂ ತನಕ.”

ನಿನ್ನೆ ಬಾಗಿಲಲ್ಲಿ ನಿಂತಿದ್ದರೆ ಈ ಮಾತು ನಿನ್ನೆಯೇ ಕೇಳುತ್ತಿದ್ದೆ ಎಂದು ಅವನಿಗನ್ನಿಸಿತು. ನಿನ್ನೆಯಾದರೆ ಬೋರ್ಡು ತೋರಿಸುತ್ತಿದ್ದ. ಇವತ್ತು ಗಾಜು ಒರೆಸಲೆಂದು ಬಂದಿದ್ದ ಹೊಸ ಹಳದಿ ಅರಿವೆಯನ್ನು ಗೂಡಿನಿಂದ ತಂದು, ನಾಲ್ಕು ಮಡಿಕೆ ಮಾಡಿ, ಎರಡೂ ಟೋಪ್ಲಿಯ ಮೇಲಿಂದ ಗದ್ದದ ಕೆಳಗೆ ಸುತ್ತಿ ತಲೆಯ ಮೇಲೆ ಗಂಟು ಹಾಕಿದ. ಬಿಗಿಯಾತೇನ್ರಿ ಎಂದು ಕೇಳಿ ಸ್ವಲ್ಪ ಸಡಿಲ ಮಾಡಿದ. “ಹಲ್ಲಬ್ಯಾನಿ ಬಂದಾವರಂಗ ಕಾಣ್ತಿ ಬಾಯಕ್ಕ!” ರಾಜಶ್ರೀಗೆ ನಗು ತಡೆಯಲಾಗಲಿಲ್ಲ. “ಕಂಡ್ರ ಕಾಣ್ಲಿ ಬಿಡು,” ಅಂದಳು ಚಾಂದಿಬಾಯಿ, “ಚಂದ್ರನ ಮ್ಯಾಲ ಯಾರ ಗುರುತ ಇದ್ದಾರ ನನಗ?” ಇಬ್ಬರನ್ನೂ ಎರಡನೇ ಸಾಲಿನಲ್ಲಿ, ಕ್ಯಾಮೆರಾಕ್ಕೆ ಕಾಣುವಲ್ಲಿ ಕೂಡಿಸಿ, ಪಟ್ಟಿ ತಾನೇ ಹಾಕಿ, ಜಗ್ಗಿ ನೋಡಿ ಬಂದ.

ಗಾಜಿನ ಗೂಡಿನಲ್ಲಿ ಸಚಿನ ಕೆಂಪು ಗುಂಡಿಯ ಮೇಲೆ ಕೈ ಇಟ್ಟು ನಿಂತಿದ್ದ. ಈರೇಶ ಕೀಲಿ ತಿರುಗಿಸಿದ. ಹಿಡಿಕೆ ಅದುರಿತು. ರಾಕೆಟ್ಟು ಎದ್ದಿತು, ಟ್ರಾಲಿ ಬದು ಹತ್ತಿತು, ಆದರೆ ಮೊದಲನೇ ಗೇರಿನಲ್ಲಿ, ಮೇಲೆ ಮಕ್ಕಳು ಮಲಗಿರುವಾಗ ಹತ್ತಿಸುವಂತೆ. ಕ್ಯಾಮೆರಾದಲ್ಲಿ ಹಳದಿ ಗಂಟು ಹಿಂದಕ್ಕೆ ವಾಲಿತು. ಭೀಮಸಿಂಗನ ಎರಡೂ ಕೈ ಕುರ್ಚಿಯ ಹಿಡಿಕೆಯನ್ನು ಕಬ್ಬಿನ ಜಲ್ಲೆಯಂತೆ ಹಿಡಿದಿದ್ದವು. ಮೋಡ ಹರಿದು, ನೀಲಿ ಕಪ್ಪಾಗಿ, ಭೂಮಿ ಕೆಳಗೆ ದುಂಡಗೆ ತಿರುಗಿತು. ಮೂರನೇ ನಿಮಿಷ. ಈ ಜಾಗದಲ್ಲಿ ಅವನು ಇಷ್ಟು ದಿನ ಏನೂ ಮಾಡುತ್ತಿರಲಿಲ್ಲ. ಆ ಗಟ್ಟಿ ದನಿ ತನ್ನ ಮಾತು ಹೇಳಿ ಮುಗಿಸುವ ತನಕ ಹಲ್ಲು ಕಚ್ಚಿ ಕಾಯುತ್ತಿದ್ದ. ಇವತ್ತು ದನಿ ಬರುವ ಮೊದಲೇ ಡಬ್ಬಿಯನ್ನು ಮೆಲ್ಲಗೆ ಕಾಲುಗಳ ತುದಿಯ ತನಕ ಎತ್ತಿ, ಅಲ್ಲಿ ಒಂದು ಗಳಿಗೆ ನಿಲ್ಲಿಸಿದ. ಆಮೇಲೆ ಇಳಿಬಿಟ್ಟ. ಆರೂ ಕಾಲು ಒಟ್ಟಿಗೇ, ವಾಲದೆ, ತಡೆಯದೆ. ಬಾವಿಗೆ ಬಿಟ್ಟ ಕೊಡದ ಹಗ್ಗ ಅಂಗೈಯೊಳಗಿಂದ ಜಾರುವಂತೆ ಹೆಬ್ಬೆರಳ ಕೆಳಗೆ ಇಡೀ ಡಬ್ಬಿ, ಅದರೊಳಗಿನ ಇಬ್ಬರು, ಜಾರುತ್ತಿದ್ದರು. ಅವನ ಹೊಟ್ಟೆಯೂ ಹಗುರವಾಯಿತು, ಕೂತಲ್ಲೇ.

ಸ್ಪೀಕರು ಗರಗರ ಅಂದಿತು. “ತಮ್ಮಾ...”

ಕೈ ಅಲ್ಲೇ ನಿಂತಿತು. ಒಂದು ಉಸಿರಿನಷ್ಟೂ ತಡಮಾಡಲಿಲ್ಲ. ಡಬ್ಬಿ ನಡುವೆಯೇ, ಎಲ್ಲೂ ತಾಗದೆ ನಿಂತಿತು.

“ಏನ್ರಿ ಬಾಯಕ್ಕ? ಸಾಕೇನ್ರಿ?”

“ಯಾಕ ನಿಲ್ಲಿಸಿದಿ? ಹೊಟ್ಟಿ ಹಗರ ಆಗಿತ್ತು.” ಅವಳ ದನಿಯಲ್ಲಿ ನಗು ಇತ್ತು, ಹತ್ತು ವರ್ಷದ ಹುಡುಗಿಯ ನಗು. “ಏನಾಗಾಕತ್ತಿತ್ತೋ ನಮಗ?”

ಒಂಬತ್ತನೇ ಇಯತ್ತೆಯ ಬೆಂಚಿನ ಮೇಲೆ ನಿಂತಿದ್ದವನು ಮೈಕಿನ ಹತ್ತಿರ ಬಾಗಿದ. ಸಿನಿಮಾದ ದನಿ ಇನ್ನೇನು ಬಾಯಿ ತೆರೆಯಲಿತ್ತು; ಅದಕ್ಕಿಂತ ಮೊದಲು ಹೇಳಿಬಿಟ್ಟ.

“ಬೀಳಾಕತ್ತೀವ್ರಿ.”

ಯಾರೂ ನಗಲಿಲ್ಲ. ಸಚಿನನ ಕೈ ಕೆಂಪು ಗುಂಡಿಯಿಂದ ಒಂದು ಬೆರಳಿನಷ್ಟು ಸರಿದಿತ್ತು. ಒಳಗಿನಿಂದ ಭೀಮಸಿಂಗನ ದನಿ ಬಂತು, ಅಪ್ಪಣೆ ಕೊಡುವವನಂತೆ, ಸ್ವಲ್ಪ ಗಾಬರಿಯಿಂದ, ಸ್ವಲ್ಪ ಆಸೆಯಿಂದ:

“ಬೀಳಿಸಪಾ, ಬೀಳಿಸು. ಸಾವಕಾಶ.”